ಕಣ್ಣೆರಡು ಬಿಟ್ಟು

ಜಟ್ಟಪ್ಪ ಮೇಷ್ಟ್ರು ಐದನೇ ತರಗತಿಯ ಮಹಾಂತೇಶನ ಎಡಗಪಾಳಕ್ಕೆ ಹೊಡೆದರು. ಆ ಕಡೆಯ ಕಿವಿ ಹೋಯಿತು.

ಮಗ್ಗಿ ಹೇಳಿಸುವ ಹೊತ್ತು ಅದು. ಬಾನಿಕೊಪ್ಪದ ಸರ್ಕಾರಿ ಗಂಡುಮಕ್ಕಳ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ಮುಗಿದು, ನಲ್ಲಿಯ ಕೆಳಗೆ ತಟ್ಟೆ ತೊಳೆದಿಟ್ಟ ಮೇಲೆ ಹುಡುಗರಿಗೆ ಕಣ್ಣು ಎಳೆಯುತ್ತದೆ. ಹಾಗಾಗಿ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ಒಬ್ಬ ಮುಂದೆ ಹೇಳುವುದು, ಉಳಿದವರು ಹಿಂದೆ ಹೇಳುವುದು. ಆವತ್ತು ಹದಿಮೂರರ ಮಗ್ಗಿ ಅರ್ಧಕ್ಕೆ ಬಂದಿತ್ತು. ಕಾಂಪೌಂಡಿನ ಪಕ್ಕದ ದಾರಿಯಲ್ಲಿ ಮಹಾಂತೇಶನ ಅಪ್ಪ ಹರೀಶನ ಕುರಿಗಳು ಕೊಯ್ಲಾದ ಮೆಕ್ಕೆಜೋಳದ ಹೊಲಕ್ಕೆ ಹೊರಟಿದ್ದವು. ಕಿಟಕಿಯ ಪಕ್ಕ ನಿಂತಿದ್ದ ಹುಡುಗ ಮಗ್ಗಿ ಬಿಟ್ಟು, ಮನೆಯಲ್ಲಿ ಕುರಿ ಕರೆಯುವ ಹಾಗೆ ನಾಲಗೆ ಮಡಚಿ ಒಂದು ಸದ್ದು ಹೊರಡಿಸಿದ. ಮಂದೆ ನಿಂತಿತು. ಮುಂದಿದ್ದ ಟಗರು ಗೇಟಿನೊಳಗೆ ತಲೆ ಹಾಕಿ ಶಾಲೆಯನ್ನೇ ನೋಡಿತು. ತರಗತಿ ಬಿದ್ದು ಬಿದ್ದು ನಕ್ಕಿತು. ಮಂದೆಯ ಹಿಂದಿದ್ದ ಹರೀಶ ಟಗರಿಗೆ ಬೈದು ಮುಂದಕ್ಕೆ ಅಟ್ಟಿಕೊಂಡು ಹೋದ. ಒಳಗೆ ಮೇಷ್ಟ್ರು ಅವನ ಬಳಿಗೆ ಬಂದರು, ಹೊಡೆದರು, ತಿರುಗಿ ಕರಿಹಲಗೆಯ ಬಳಿಗೆ ಹೋಗಿ ನಿಂತರು. ಮಗ್ಗಿ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಿತು.

ಹುಡುಗ ಮನೆಗೆ ಬಂದು ಹೇಳಲಿಲ್ಲ. ಬಾನಿಕೊಪ್ಪದಲ್ಲಿ ಯಾವ ಹುಡುಗನೂ ಹೇಳುವುದಿಲ್ಲ. ಹೇಳಿದರೆ ಮನೆಯಲ್ಲಿ ಇನ್ನೆರಡು ಬೀಳುತ್ತವೆ. "ಮೇಷ್ಟ್ರು ಸುಮ್‌ಸುಮ್ನೆ ಹೊಡೀತಾರೇನೋ? ಏನ್ ಕಿಸಿದಿದ್ದೆ ಹೇಳು!" ಕಿವಿಯಲ್ಲಿ ಕೀವು ಸೋರಿತು. ಅಜ್ಜಿ ದುರುಗಮ್ಮ ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಬಿಟ್ಟಳು. ಕೆರೆಯಲ್ಲಿ ಈಜಿದ್ದಕ್ಕೆ ನೀರು ಹೊಕ್ಕಿದೆ ಎಂದಳು. ಹುಡುಗ ಹೂಂ ಎಂದ.

ಈ ಶಾಲೆಗೆ ಮಗನನ್ನು ಸೇರಿಸುವ ಕ್ರಮ ಒಂದಿದೆ. ಸೇರಿಸುವ ದಿನ ಬೆಳಿಗ್ಗೆ ಅಪ್ಪನಾದವನು ಹುಣಸೆಮರದಿಂದ ಹೊಡೆಯುವುದಕ್ಕೆ ಒಂದು ಬರಲು ಕೋಲು ಮುರಿದು ಎಲೆ ಸವರಬೇಕು. ಹುಡುಗನಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಕರೆದುಕೊಂಡು ಹೋಗಬೇಕು. ತಾಂಬೂಲ ಕೊಡುವ ಹಾಗೆ ಎರಡೂ ಕೈಯಲ್ಲಿ ಆ ಬರಲನ್ನು ಮೇಷ್ಟರಿಗೆ ಒಪ್ಪಿಸಿ, "ಕಣ್ಣೆರಡು ಬಿಡ್ರಿ ಸಾರ್, ಮಿಕ್ಕಿದ್ದೆಲ್ಲ ನಿಮ್ದು" ಅನ್ನಬೇಕು. ಮೇಷ್ಟ್ರು ಬರಲನ್ನು ಹುಡುಗನ ಹೆಗಲಿಗೆ ಮುಟ್ಟಿಸುತ್ತಾರೆ. ನಿಂತವರೆಲ್ಲ ನಗುತ್ತಾರೆ. ಎಲ್ಲರೂ ನಗುವುದರಿಂದ ಹುಡುಗನೂ ನಗುತ್ತಾನೆ. ಅಲ್ಲಿಗೆ ದಾಖಲಾತಿ ಮುಗಿಯಿತು. ಹರೀಶನನ್ನು ಅವನ ಅಪ್ಪ ಉಜ್ಜಪ್ಪ ಹೀಗೇ ಒಪ್ಪಿಸಿದ್ದ. ಆಗ ಜಟ್ಟಪ್ಪ ಮೇಷ್ಟ್ರು ಹೊಸದಾಗಿ ಕೆಲಸಕ್ಕೆ ಸೇರಿದ್ದರು, ಮೀಸೆ ಕಪ್ಪಗಿತ್ತು. ಮಹಾಂತೇಶನನ್ನು ಹರೀಶ ಒಪ್ಪಿಸಿದಾಗಲೂ ಬರಲು ಹಿಡಿದದ್ದು ಅದೇ ಕೈ.

ಶಾಲೆಯ ಚರಿತ್ರೆಯನ್ನು ಯಾರೂ ಬರೆದಿಲ್ಲ. ಬರೆಯುವ ಅಗತ್ಯವೂ ಬಿದ್ದಿಲ್ಲ. ಅದು ಊರಿನ ಗಂಡಸರ ಮೈಮೇಲೇ ಇದೆ. ಮಹಾರಾಜರ ಕಾಲದಲ್ಲಿ ಚಾವಡಿಯಲ್ಲಿ ಶುರುವಾದ ಶಾಲೆ, ಆಮೇಲೆ ನಾಡಹೆಂಚಿನ ಹಾಲ್ ಕಟ್ಟಿಸಿಕೊಂಡಿತು. ಆ ಹಾಲಿನ ತೊಲೆಯಲ್ಲಿ ಕಬ್ಬಿಣದ ಕೊಂಡಿಯೊಂದು ಇನ್ನೂ ಇದೆ. ಹಗ್ಗ ಕಟ್ಟಿ, ಹುಡುಗನ ಕೈಗೆ ಕೊಟ್ಟು, ಕಾಲ ಕೆಳಗಿನ ಮಣೆ ಎಳೆದುಬಿಡುವ ಕೋದಂಡಕ್ಕೆ ಹಾಕಿಸಿದ ಕೊಂಡಿ. ಹೊಸದಾಗಿ ಊರಿಗೆ ಬಂದವರಿಗೆ ಅದನ್ನು ತೋರಿಸುತ್ತಾರೆ, ದೇವಸ್ಥಾನದ ಗಂಟೆ ತೋರಿಸಿದ ಹಾಗೆ. ಕೋದಂಡ ಹೋಯಿತು, ಬಿಸಿಲಲ್ಲಿ ಮಂಡಿ ಊರಿಸುವುದು ಬಂತು. ಕಿವಿಯ ಸಂದಿಗೆ ಹರಳಿಟ್ಟು ಹಿಂಡುವುದು, ಬೆರಳ ನಡುವೆ ಪೆನ್ಸಿಲ್ ಸಿಕ್ಕಿಸಿ ಅದುಮುವುದು ಬಂತು. ಈಗ ಹೊಡೆಯಬಾರದೆಂದು ಕಾನೂನಿದೆ. ಹೊಡೆಯಬಾರದು ಎಂದು ಬರೆದ ಬೋರ್ಡೂ ಶಾಲೆಯ ವರಾಂಡದಲ್ಲಿದೆ. ಅದರ ಮೊಳೆಗೆ ಮೇಷ್ಟ್ರು ಕೊಡೆ ನೇತುಹಾಕುತ್ತಾರೆ.

ಈ ಶಾಲೆಯಲ್ಲಿ ಕಲಿತವರು ಕಂಡಕ್ಟರಾಗಿದ್ದಾರೆ, ಲೈನ್‌ಮನ್ ಆಗಿದ್ದಾರೆ, ಇಬ್ಬರು ಪೊಲೀಸರಾಗಿದ್ದಾರೆ. ಊರಿಗೆ ಬಂದಾಗ ಅರಳಿಕಟ್ಟೆಯಲ್ಲಿ ಕೂತು ತೋಳು ಮಡಚಿ ತೋರಿಸುತ್ತಾರೆ. "ನೋಡ್ರಲೇ, ಇದು ಜಟ್ಟಪ್ಪ ಮೇಷ್ಟ್ರ ಏಟು. ಇದು ಬೀಳದೆ ಹೋಗಿದ್ರೆ ನಾನೂ ನಿಮ್ಮಂಗೆ ಎಮ್ಮೆ ಬಾಲ ಹಿಡೀತಿದ್ದೆ." ಏಟು ತಿಂದೂ ಎಮ್ಮೆಯ ಬಾಲ ಹಿಡಿದವರು ಪಕ್ಕದಲ್ಲೇ ಕೂತು ನಗುತ್ತಾರೆ. ಅವರ ತೋಳು ತೋರಿಸು ಎಂದು ಯಾರೂ ಕೇಳುವುದಿಲ್ಲ.

ಹರೀಶನಿಗೆ ತಿಳಿದದ್ದು ಒಂದು ಭಾನುವಾರ. ತಾಳಗುಂದದ ಕಡೆಯ ಹೊಲದಲ್ಲಿ ಕುರಿ ಬಿಟ್ಟಿದ್ದರು. ಮಗ ರಸ್ತೆಯ ಬದಿಯಲ್ಲಿ ಮರಿಯೊಂದನ್ನು ಹಿಡಿದುಕೊಂಡು ನಿಂತಿದ್ದ. ಎಡಗಡೆಯಿಂದ ಮೆಕ್ಕೆಜೋಳ ಹೇರಿಕೊಂಡು ಟ್ರ್ಯಾಕ್ಟರ್ ಬಂತು. ಹರೀಶ ಎಡಗಡೆಯ ಬದುವಿನಿಂದಲೇ ಕೂಗಿದ. ಹುಡುಗ ಬಲಕ್ಕೆ ತಿರುಗಿದ. ಮತ್ತೆ ಕೂಗಿದ. ಹುಡುಗ ಇನ್ನೂ ಬಲಕ್ಕೆ ನೋಡಿ, ಯಾರೂ ಕಾಣದೆ, ರಸ್ತೆಗೆ ಕಾಲಿಟ್ಟ. ಡ್ರೈವರ್ ಬ್ರೇಕ್ ತುಳಿದು ತಾಯಿ ತಂಗಿ ಎಲ್ಲರನ್ನೂ ಕರೆದು ಬೈದ. ಹರೀಶ ಓಡಿಬಂದು ಮಗನ ರಟ್ಟೆ ಹಿಡಿದು ಈಚೆಗೆ ಎಳೆದ. ಭಯಕ್ಕೋ ಸಿಟ್ಟಿಗೋ ಕೈ ಮೇಲಕ್ಕೆತ್ತಿದ.

ಹುಡುಗ ಎರಡೂ ಅಂಗೈಯನ್ನು ಬಲಗಿವಿಯ ಮೇಲೆ ಒತ್ತಿಕೊಂಡು ಕುಸಿದು ಕೂತ. ಎಡಗೆನ್ನೆ ಪೂರಾ ಬಯಲಿಗೆ ಬಿದ್ದಿತ್ತು. ಅದಕ್ಕೆ ಅವನು ಒಂದು ಬೆರಳನ್ನೂ ಅಡ್ಡ ಇಟ್ಟಿರಲಿಲ್ಲ.

ಹರೀಶನ ಕೈ ಮೇಲೇ ನಿಂತಿತು.

"ಯಾಕೋ ಮಾಂತು? ಒಂದೇ ಕಿವಿ ಮುಚ್ಕೊಂತೀಯಲ್ಲ?"

"ಇದೊಂದು ಕೇಳ್ತೈತಲ್ಲಪ್ಪ," ಎಂದ ಹುಡುಗ.

ಮೇಷ್ಟರ ಏಟಿನ ಸಂಗತಿ ಆ ರಾತ್ರಿ ಮನೆಯಲ್ಲಿ ಹೊರಬಿತ್ತು. ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹುಡುಗನ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದಳು. ಕಬ್ಬಿಣದ ಕವಲೊಂದನ್ನು ಮೊಣಕೈಗೆ ಬಡಿದು ಕಿವಿಯ ಹತ್ತಿರ ಹಿಡಿದಳು. ಕೇಳಿದರೆ ಕೈಯೆತ್ತು ಎಂದಳು. ಬಲಕ್ಕೆ ಹಿಡಿದಾಗ ಹುಡುಗ ಕೈಯೆತ್ತಿದ. ಎಡಕ್ಕೆ ಹಿಡಿದಾಗ ಡಾಕ್ಟರಮ್ಮನ ಮುಖ ನೋಡಿದ, ಅಮ್ಮನ ಮುಖ ನೋಡಿದ, ಎಲ್ಲರೂ ಕಾಯುತ್ತಿರುವುದು ಕಂಡು ಅಂದಾಜಿನ ಮೇಲೆ ಕೈಯೆತ್ತಿದ. ಅಷ್ಟರಲ್ಲಿ ಡಾಕ್ಟರಮ್ಮನ ಕೈಯಲ್ಲಿ ಕವಲಿರಲೇ ಇಲ್ಲ. ಅದನ್ನು ಅವಳು ಮೇಜಿನ ಮೇಲಿಟ್ಟಿದ್ದಳು.

ತಮಟೆ ಹರಿದಿದೆ, ಕೀವು ಒಳಗೆ ಹೋಗಿ ನರವೂ ಸತ್ತಿದೆ, ಇನ್ನು ಈ ಕಿವಿ ಬರುವುದಿಲ್ಲ ಎಂದಳು. "ಹೇಗಾಯ್ತು ಇದು?"

"ಬಿದ್ದಾನ್ರಿ ಮೇಡಂ," ಎಂದ ಹರೀಶ. "ಆಡ್ತಾ ಆಡ್ತಾ ಬಿದ್ದ."

ಅವನ ಹೆಂಡತಿ ರೋಜಾ ಅವನ ಕಡೆ ತಿರುಗಿ ನೋಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಮಗನನ್ನು ಕಿಟಕಿಗೆ ಕೂರಿಸಿ, ತಾನು ಅವನ ಬಲಕ್ಕೆ ಕೂತು, ಶಿರಾಳಕೊಪ್ಪ ಬರುವ ತನಕ ಅವನ ಜೊತೆ ಮಾತಾಡಿದಳು. ಗಂಡನ ಜೊತೆ ಆಡಲಿಲ್ಲ.

ಹರೀಶ ಮೇಷ್ಟರ ಮನೆಗೆ ಹೋದ. ಜಗಳಕ್ಕೆಂದೇ ಹೋದದ್ದು. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಕಟ್ಟಿಕೊಂಡೇ ಹೋದ. ಮೇಷ್ಟ್ರು ಜಗಲಿಯ ಮೇಲೆ ಬನಿಯನ್ನಿನಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದರು. ಅವರನ್ನು ಕಂಡೊಡನೆ ಹರೀಶನ ಮೈ ತನ್ನಷ್ಟಕ್ಕೆ ತಾನೇ ಬಗ್ಗಿತು. ಚಪ್ಪಲಿ ಬಿಟ್ಟ. ಕೈ ಕಟ್ಟಿದ.

ಈ ಮನುಷ್ಯ ಅವನಿಗೆ ಅಕ್ಷರ ಕಲಿಸಿದವರು. ಮೂರನೇ ಕ್ಲಾಸಿನಲ್ಲಿ ಉಜ್ಜಪ್ಪ ಅವನನ್ನು ಶಾಲೆ ಬಿಡಿಸಿ ಮಂದೆಯ ಜೊತೆ ಬಯಲುಸೀಮೆಗೆ ಕಳಿಸಿದಾಗ ಇದೇ ಮೇಷ್ಟ್ರು ಸೈಕಲ್ ಹತ್ತಿ ಹಟ್ಟಿ ಹುಡುಕಿಕೊಂಡು ಬಂದು, ಉಜ್ಜಪ್ಪನ ಹತ್ತಿರ ಕೂಗಾಡಿ, ಹುಡುಗನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಊರಿಗೆ ತಂದಿದ್ದರು. ದಾರಿಯಲ್ಲಿ ಮಂಡಕ್ಕಿ ಕೊಡಿಸಿದ್ದರು. ಮಾರನೇ ದಿನ ಶಾಲೆ ಬಿಟ್ಟದ್ದಕ್ಕೆ ಹೊಡೆದಿದ್ದರು. ಮಂಡಕ್ಕಿಯೂ ಏಟೂ ಹರೀಶನ ನೆನಪಿನಲ್ಲಿ ಒಂದೇ ಗಂಟು.

"ಡಾಕ್ಟ್ರು ಏನಂದ್ರೋ?" ಮೇಷ್ಟ್ರೇ ಕೇಳಿದರು. ಅವರಿಗೆ ಸುದ್ದಿ ಮುಟ್ಟಿತ್ತು.

"ಕಿವಿ ಬರಲ್ಲಂತೆ ಸಾರ್."

ಮೇಷ್ಟರ ಕೈ ನಿಂತಿತು. ಅವರು ಮಡಿಲಲ್ಲಿದ್ದ ಸಿಪ್ಪೆ ನೋಡಿದರು.

"ನಾನು ಕಣ್ಣಿಗೆ ಕೈ ಹಚ್ಚಿಲ್ಲ ಕಣೋ ಹರೀಶ," ಎಂದರು. "ಎಷ್ಟು ಹುಡುಗ್ರು ನನ್ನ ಕೈಕೆಳಗೆ ದಾಟಿ ಹೋಗ್ಯಾರೆ ಲೆಕ್ಕ ಇಲ್ಲ. ಒಬ್ಬನ ಕಣ್ಣಿಗಾದ್ರೂ ಪೆಟ್ಟಾಗೈತಾ ಕೇಳು. ನಿಮ್ಮಪ್ಪ ಕೇಳಿದ್ದ, ಕೊಟ್ಟ ಮಾತು ನಡೆಸ್ದೆ. ನೀನು ಕೇಳ್ದೆ, ನಡೆಸ್ದೆ. ಕೊಟ್ಟ ಮಾತಿಗೆ ತಪ್ಪಿದ್ರೆ ಹೇಳು, ಈಗ್ಲೇ ನಿನ್ನ ಕಾಲಿಗೆ ಬೀಳ್ತೀನಿ."

ಅವರು ನಾಟಕ ಆಡುತ್ತಿರಲಿಲ್ಲ. ನಿಜವಾಗಿಯೂ ನಂಬಿದ್ದರು. ಅದೇ ಭಯಂಕರ. ಇಡೀ ಜೀವಮಾನ ಹೊಡೆಯುತ್ತ ಬಂದ ಮನುಷ್ಯ ತಾನು ಉಳಿಸಿದ ಕಣ್ಣುಗಳನ್ನು ನೆನೆದು ಹೆಮ್ಮೆಪಡುತ್ತಿದ್ದ. ಎದುರಿಗೆ ನಿಂತವನಿಗೂ ಒಂದು ಗಳಿಗೆ ಅದು ಸರಿಯೆನಿಸಿತು. ಹೌದಲ್ಲ, ಕಣ್ಣು ಬಿಟ್ಟಿದ್ದಾರೆ. ಬರುವಾಗ ಮೇಷ್ಟ್ರು ಒಂದು ಹಿಡಿ ತೊಗರಿಕಾಯಿ ಹುಡುಗನಿಗೆಂದು ಕೊಟ್ಟರು. ಹರೀಶ ಇಸಿದುಕೊಂಡು ಬಂದ.

ರೋಜಾ ಆ ಕಾಯಿಗಳನ್ನು ಕುರಿಗೆ ಹಾಕಿದಳು. ಬರುವ ಸೋಮವಾರ ಶಿಕಾರಿಪುರದ ಶಿಕ್ಷಣಾಧಿಕಾರಿಯ ಆಫೀಸಿಗೆ ಹೋಗಿ ದೂರು ಕೊಡುತ್ತೇನೆ ಎಂದಳು. ಅದನ್ನು ಅವಳು ಹೇಳಿದ್ದು ನೀರಿನ ಟ್ಯಾಂಕಿನ ಹತ್ತಿರ, ನಾಲ್ಕು ಹೆಂಗಸರ ಎದುರಿಗೆ. ಸಂಜೆಯೊಳಗೆ ಅದು ಊರಿಗೆಲ್ಲ ಹಬ್ಬಿತು.

ಮಾರನೇ ಬೆಳಿಗ್ಗೆ ಕಲೀಂ ಬೈಕಿನಲ್ಲಿ ಬಂದ. ಹರೀಶನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವನು, ಈಗ ಶಿರಾಳಕೊಪ್ಪದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದಾನೆ. ಅವರ ಬ್ಯಾಚಿನವರ ವಾಟ್ಸಾಪ್ ಗ್ರೂಪಿಗೆ ಅವನೇ ಯಜಮಾನ. ಜಟ್ಟಪ್ಪ ಮೇಷ್ಟ್ರು ಈ ತಿಂಗಳ ಕೊನೆಗೆ ನಿವೃತ್ತರಾಗುವುದಿತ್ತು. ಅದಕ್ಕೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಮಾಡುವುದೆಂದು ಎಂದೋ ತೀರ್ಮಾನವಾಗಿತ್ತು. ಊಟಕ್ಕೆ ಟಗರು ಹರೀಶನದು ಎಂದೂ ಒಪ್ಪಿಗೆಯಾಗಿತ್ತು.

"ಲೇ ಹರ್ಯಾ, ಚಡ್ಡಿ ಹೊಲಿಸ್ದೇನೋ?" ಬೈಕ್ ನಿಲ್ಲಿಸುವ ಮೊದಲೇ ಕಲೀಂ ಶುರುಮಾಡಿದ. ಅಂದು ಎಲ್ಲರೂ ನೀಲಿ ಚಡ್ಡಿ, ಬಿಳಿ ಅಂಗಿ ತೊಟ್ಟು ಶಾಲೆಯ ಹುಡುಗರ ಹಾಗೆ ಸಾಲಾಗಿ ಬರಬೇಕೆಂದು ಗ್ರೂಪಿನಲ್ಲಿ ತೀರ್ಮಾನಿಸಿದ್ದರು. "ನಮ್ ಟೈಲರ್ ಅಳತೆ ತಗಂಡು, ಏನ್ ಭಾಯ್, ಇದು ಚಡ್ಡೀನಾ ಹಾಸಿಗೆ ಕವರಾ ಅಂದ ನೋಡು. ಈ ಹೊಟ್ಟೆ ನೋಡಿ ಅವನ ಟೇಪೇ ಸಾಲ್ಲಿಲ್ಲ."

ಹರೀಶ ನಗಲಿಲ್ಲ. ಕಲೀಂ ದನಿ ಇಳಿಸಿದ.

"ಭಾಬಿ ಆಫೀಸಿಗೆ ಹೋಗ್ತಾರಂತೆ?"

"ಅಂದಾಳೆ."

"ನೋಡು, ನಿನ್ ಮಗ ಬೇರೆ ಅಲ್ಲ, ನನ್ ಮಗ ಬೇರೆ ಅಲ್ಲ. ನಂಗೂ ಹೊಟ್ಟೆ ಉರೀತದೆ. ಆದ್ರೆ ಇನ್ನೇನು ರಿಟೈರ್ ಆಗೋ ಮನುಷ್ಯ. ಈಗ ಕಂಪ್ಲೇಂಟ್ ಆದ್ರೆ ಸಸ್ಪೆಂಡು, ಪೆನ್ಷನ್ನಿಗೂ ಕುತ್ತು. ಮುದುಕ ನೇಣು ಹಾಕ್ಕಂಡ್ರೆ? ಗುರುವಿನ ಶಾಪ ನಿಮ್ಮಲ್ಲೂ ಅಷ್ಟೇ, ನಮ್ಮಲ್ಲೂ ಅಷ್ಟೇ, ಒಳ್ಳೇದಲ್ಲ."

"ಕಿವಿ ಹೋಗೈತಿ ಕಲೀಂ."

"ಗೊತ್ತಪ್ಪ. ಹೋಗಿದ್ದು ಬರಲ್ಲ, ಅದಕ್ಕೇ ಹೇಳೋದು. ಕೇಳಿಲ್ಲಿ. ಅವತ್ತು ಮಾಂತುನ ಸ್ಟೇಜಿಗೆ ಕರೀತೀವಿ. ಮೇಷ್ಟ್ರು ಅವನಿಗೊಂದು ಹೊಸ ಬ್ಯಾಗ್ ಕೊಟ್ಟು ತಲೆ ಮೇಲೆ ಕೈ ಇಡ್ತಾರೆ. ಫೋಟೋ ಆಗುತ್ತೆ. ಆಮೇಲೆ ನಾವೆಲ್ಲ ಹಳೇ ಹುಡುಗ್ರಂಗೆ ಸಾಲಾಗಿ ನಿಂತು ಮೇಷ್ಟ್ರ ಕೈಲಿ ಒಂದೊಂದು ಏಟು ಹಾಕಿಸ್ಕಳದು. ತಮಾಷೆಗೆ, ನೆನಪಿಗೆ. ಎಲ್ಲಾ ಕಡೆ ಮಾಡ್ತಾ ಇದಾರೆ, ವಿಡಿಯೋ ನೋಡಿಲ್ವಾ? ನೀನೇ ಮೊದ್ಲು ಕೈ ಚಾಚಬೇಕು. ಊರೆಲ್ಲ ನೋಡ್ಲಿ. ಹುಡುಗನ ಅಪ್ಪನೇ ಕೈ ಚಾಚಿದ ಮೇಲೆ ಇನ್ಯಾರು ಬಾಯಿ ಬಿಡ್ತಾರೆ? ಅಲ್ಲಿಗೆ ಮುಗೀತು."

ಹರೀಶ ಕುರಿ ರೊಪ್ಪದ ಬೇಲಿಯ ಮುಳ್ಳೊಂದನ್ನು ಮುರಿಯುತ್ತ ನಿಂತಿದ್ದ. ಕೊನೆಗೆ, "ಆಯ್ತು ಬಿಡು," ಎಂದ.

ಆ ಸಂಜೆ ಕುರಿ ಹೊಡೆದುಕೊಂಡು ಬಂದು ರೊಪ್ಪಕ್ಕೆ ಕೂಡುವಾಗ ಅವನು ರೋಜಾಳಿಗೆ ಅದನ್ನು ಹೇಳಿದ. ಕಾರ್ಯಕ್ರಮ ಮುಗಿಯುವ ತನಕ ಆಫೀಸಿಗೆ ಹೋಗಬೇಡ ಎಂದ. ಮರಿಗಳನ್ನು ಬೇರೆ ಮಾಡುತ್ತಿದ್ದ ಅವಳು ಎದ್ದು ನಿಂತಳು. ರೋಜಾ ಸೊರಬದ ಕಡೆಯವಳು, ಹತ್ತನೇ ಕ್ಲಾಸು ಪಾಸು ಮಾಡಿದವಳು. ಮಾತು ನಿಧಾನ, ಆದರೆ ಬಿಟ್ಟರೆ ನಾಟುತ್ತದೆ.

"ಟಗರೂ ನಿಮ್ದೇ, ಮಗನೂ ನಿಮ್ದೇ, ಕೈಯೂ ನಿಮ್ದೇ. ಊರವ್ರದ್ದೇನಿದೆ ಅಲ್ಲಿ? ಹಲ್ಲು ಕಿರಿಯೋದಷ್ಟೇನಾ?"

"ಹಂಗಲ್ಲ ಕಣೇ. ಮೇಷ್ಟ್ರು ಕೆಟ್ಟೋರಲ್ಲ. ಅವ್ರಿಲ್ದಿದ್ರೆ ನಂಗೆ ಬಸ್ಸಿನ ಬೋರ್ಡ್ ಓದಕ್ಕೂ ಬರ್ತಿರ್ಲಿಲ್ಲ."

"ಬಸ್ಸಿನ ಬೋರ್ಡ್ ಓದಕ್ಕೆ ನಾನೂ ಕಲ್ತಿದೀನಿ. ನನ್ ಕಿವಿ ಎರಡೂ ಇದಾವೆ."

ರೊಪ್ಪದ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದ ಉಜ್ಜಪ್ಪ ಕೆಮ್ಮಿದ. "ರೋಜವ್ವ, ಹಂಗೆಲ್ಲ ಅನ್ಬಾರ್ದು. ಇದು ನಾವೇ ಕೊಟ್ಟಿದ್ದು. ನಾನೇ ಬಾಯಾರೆ ಹೇಳೀನಿ, ಕಣ್ಣೆರಡು ಬಿಟ್ಟು ಮಿಕ್ಕಿದ್ದು ನಿಮ್ದು ಅಂತ. ನಿನ್ ಗಂಡನೂ ಹೇಳ್ಯಾನೆ. ಕೊಟ್ಟ ಮೇಲೆ ಕೇಳಕ್ಕಾಗ್ತದೇನು?"

"ಒಂದು ಕೇಳ್ತೀನಿ ಮಾವ," ಎಂದಳು ರೋಜಾ. "ಪಟೇಲ್ರ ಮನೆಯವ್ರು ಹುಡುಗ್ರನ್ನ ಸೇರಿಸುವಾಗ ಬರ್ಲು ತಂದಿದ್ದು ನೀವು ನೋಡಿದೀರಾ?"

ಉಜ್ಜಪ್ಪನ ಎದುರಿಗೆ ಒಂದು ಕುರಿ ಬಂದು ನಿಂತಿತು. ಅದರ ಕೊರಳು ಕೆರೆದ.

"ಅವ್ರು ಬೆಲ್ಲ ತರೋರು," ಎಂದ ಕೊನೆಗೆ. "ಅಚ್ಚುಬೆಲ್ಲ, ಬಾಳೆ ಎಲೆ ಮ್ಯಾಲೆ ಇಟ್ಕಂಡು. ಶೆಟ್ರೂ ಅಷ್ಟೇಯ. ಶಾನುಭೋಗ್ರು ಹಣ್ಣು ತರೋರು."

"ಮತ್ತೆ ಬರ್ಲು?"

"ಬರ್ಲು ನಮ್ಮೋರು. ಕೇರಿಯೋರು. ಸಾಬರ ಪೈಕಿ ಹಾಸಿಗೆ ಹೊಲ್ಯೋ ಜನ." ಮುದುಕನ ದನಿ ಸಣ್ಣಗಾಯಿತು. "ನಮ್ಮ ಹತ್ರ ಇನ್ನೇನಿತ್ತವ್ವ ಕೊಡಕ್ಕೆ."

ಹರೀಶ ರೊಪ್ಪದ ಗಳ ಎಳೆದು ಹಾಕಿದ. ಅವನಿಗೆ ಅವನದೇ ತರಗತಿ ಕಣ್ಣಿಗೆ ಬಂತು. ಪಟೇಲರ ಮನೆಯ ಹುಡುಗ ಮಗ್ಗಿ ತಪ್ಪಿದರೆ ಮೇಷ್ಟ್ರು ಪಕ್ಕದಲ್ಲಿ ನಿಂತವನಿಗೆ ಬಾರಿಸುತ್ತಿದ್ದರು, ನೀನು ಪಕ್ಕ ನಿಂತು ಅವನ ಗಮನ ಕೆಡಿಸಿದೆ ಎಂದು. ಎಲ್ಲರೂ ನಗುತ್ತಿದ್ದರು. ಪಕ್ಕದಲ್ಲಿ ನಿಲ್ಲುತ್ತಿದ್ದವನು ಹರೀಶ, ಇಲ್ಲವೇ ಕಲೀಂ. ಅದನ್ನು ಅವನು ಯಾವತ್ತೂ ತಮಾಷೆಯ ಕತೆಯಾಗಿಯೇ ಹೇಳುತ್ತ ಬಂದಿದ್ದ. ಆಸ್ಪತ್ರೆಯಲ್ಲಿ ಮಗ ಅಂದಾಜಿನ ಮೇಲೆ ಕೈಯೆತ್ತಿದ್ದು ನೆನಪಾಗಿ ಅವನು ಅತ್ತ ತಿರುಗಿ ಮುಖ ಒರೆಸಿಕೊಂಡ.

"ಕೊಟ್ಟ ಮಾತು ಕೊಟ್ಟಾಯ್ತು," ಎಂದ, ಅವಳ ಕಡೆ ನೋಡದೆ. "ಅವತ್ತೊಂದು ದಿನ ಕಳೀಲಿ."

"ಕಳೀರಿ," ಎಂದಳು ರೋಜಾ. "ನಾನೂ ಬರ್ತೀನಿ. ಮಗನ್ನ ಒಬ್ಬನ್ನೇ ಆ ಸ್ಟೇಜಿಗೆ ಬಿಡಲ್ಲ."

ಶಾಲೆಯ ಬಯಲಲ್ಲಿ ಶಾಮಿಯಾನ ಹಾಕಿದ್ದರು. ಮೇಷ್ಟರ ಆಳೆತ್ತರದ ಫೋಟೋ ಇರುವ ಫ್ಲೆಕ್ಸು, ಕೆಳಗೆ ಹಳೆಯ ವಿದ್ಯಾರ್ಥಿಗಳ ಸಣ್ಣ ಸಣ್ಣ ಮುಖಗಳು. ಬಿಸಿಯೂಟದ ಕೋಣೆಯ ಹಿಂದೆ ಟಗರು ಬೇಯುತ್ತಿತ್ತು. ಗಂಡಸರು ನೀಲಿ ಚಡ್ಡಿ ತೊಟ್ಟು, ಕೂದಲುಗಾಲು ಬಿಟ್ಟುಕೊಂಡು, ಒಬ್ಬರನ್ನೊಬ್ಬರು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪೊಲೀಸನಾದವನ ಚಡ್ಡಿಯ ಗುಂಡಿ ಹಾರಿಹೋಗಿ, ಯಾರದೋ ಹೆಂಡತಿಯ ಸೆರಗಿನ ಪಿನ್ನು ಬೇಕಾಯಿತು. ಈಗಿನ ಹುಡುಗರನ್ನು ಮುಂದೆ ನೆಲದ ಮೇಲೆ ಸಾಲಾಗಿ ಕೂರಿಸಿದ್ದರು. ಗಂಟೆ ಹೊಡೆಯಿತು. ದೊಡ್ಡವರು ಸಾಲಾಗಿ ನಿಂತು ಪ್ರಾರ್ಥನೆ ಹೇಳಿದರು. ಮರೆತ ಕಡೆ ಗೊಣಗಿದರು.

ಮೇಷ್ಟರಿಗೆ ಪೇಟ ಇಟ್ಟು ಶಾಲು ಹೊದಿಸಿದರು. ಹಿತ್ತಾಳೆಯ ತಟ್ಟೆಯಲ್ಲಿ ಅವರ ಕಾಲಿಟ್ಟು ತೊಳೆದರು. ಅವರು ಅತ್ತರು. ತೊಳೆದವರೂ ಅತ್ತರು. ಆ ಅಳು ಸುಳ್ಳಲ್ಲ. ಇವರ ಬದುಕಿನಲ್ಲಿ ಇವರ ಹೆಸರು ಹಿಡಿದು ಕರೆದು, ನೀನು ಓದಬಲ್ಲೆ ಎಂದ ಸರ್ಕಾರದ ಮನುಷ್ಯ ಮೇಷ್ಟ್ರೊಬ್ಬರೇ. ಪ್ರೀತಿಯೂ ಏಟೂ ಒಂದೇ ಕೈಯಿಂದ ಸಿಕ್ಕವರಿಗೆ ಯಾವುದು ಯಾವುದೆಂದು ಬೇರೆ ಮಾಡಲು ಯಾರೂ ಕಲಿಸಿರಲಿಲ್ಲ.

ಕಲೀಂ ಮೈಕಿನಲ್ಲಿ ಮಹಾಂತೇಶನನ್ನು ಕರೆದ. ಹುಡುಗ ಅಜ್ಜನ ಪಕ್ಕದಿಂದ ಎದ್ದು ವೇದಿಕೆ ಹತ್ತಿದ. ಹರೀಶ ಸಾಲಿನ ಮೊದಲಿಗನಾಗಿ ಮೆಟ್ಟಿಲ ಹತ್ತಿರವೇ ನಿಂತಿದ್ದ. ರೋಜಾ ಹೆಂಗಸರ ನಡುವೆ, ಎದ್ದು ನಿಂತೇ ಇದ್ದಳು. ಮೇಷ್ಟ್ರು ಹೊಸ ಬ್ಯಾಗನ್ನು ಹುಡುಗನ ಹೆಗಲಿಗೆ ಹಾಕಿದರು. ತಲೆಯ ಮೇಲೆ ಕೈ ಇಟ್ಟರು. ಮೊಬೈಲುಗಳೆಲ್ಲ ಮೇಲೆದ್ದವು. ಮೇಷ್ಟರಿಗೆ ಏನನ್ನಿಸಿತೋ, ಮೈಕು ಪಕ್ಕಕ್ಕೆ ಸರಿಸಿ, ಬಗ್ಗಿ, ಹುಡುಗನ ಕಿವಿಯ ಹತ್ತಿರ ಬಾಯಿಟ್ಟು ಮೆಲ್ಲಗೆ, "ನನ್ನ ಮೇಲೆ ಸಿಟ್ಟಾ ಮಗನೇ?" ಎಂದರು.

ಅದು ಎಡಗಿವಿ.

ಹುಡುಗ ಎದುರಿಗಿದ್ದ ಮೊಬೈಲುಗಳನ್ನು ನೋಡಿ ನಗುತ್ತಿದ್ದ. ಮೇಷ್ಟ್ರು ಇನ್ನೊಮ್ಮೆ ಕೇಳಿದರು. ಹುಡುಗ ನಗುತ್ತಲೇ ಇದ್ದ. ಕೆನ್ನೆಗೆ ಉಸಿರು ತಾಗಿದ್ದು ಗೊತ್ತಾಗಿ ಭುಜದಿಂದ ಅದನ್ನು ಒರೆಸಿಕೊಂಡ. "ನಾಚಿಕೆ ಸಾರ್ ಅವ್ನಿಗೆ!" ಎಂದು ಕಲೀಂ ಮೈಕಿನಲ್ಲಿ ಕೂಗಿದ. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ನೆಟ್ಟಗಾದರು. ತನಗೆ ಉತ್ತರ ಸಿಕ್ಕಿತೆಂಬ ಹಾಗೆ ಅವರ ಮುಖ ಹಗುರಾಗಿತ್ತು.

ಮೆಟ್ಟಿಲ ಬಳಿ ನಿಂತಿದ್ದ ಹರೀಶನಿಗೆ ಆ ಪ್ರಶ್ನೆ ಎರಡು ಸಲವೂ ಸ್ಪಷ್ಟವಾಗಿ ಕೇಳಿಸಿತ್ತು.

"ಈಗ ನಮ್ಮ ಹಳೇ ಪುಂಡರ ಸರದಿ!" ಕಲೀಂ ಹುಣಸೆಯ ಬರಲಿಗೆ ಸೇವಂತಿಗೆ ಸುತ್ತಿ ತಂದು ಮೇಷ್ಟರ ಕೈಗೆ ಕೊಟ್ಟ. "ಮೊದಲನೆಯವನು ಹರೀಶ ಉಜ್ಜಪ್ಪ! ಸಾರ್, ಹಳೇ ಬಾಕಿ ಎಲ್ಲಾ ತೀರಿಸ್ಬಿಡಿ ಸಾರ್!" ಜನ ಹೋ ಎಂದು ಕೂಗಿದರು. ನೆಲದ ಮೇಲೆ ಕೂತ ಹುಡುಗರು ಮೊಣಕಾಲೂರಿ ಎದ್ದು ಇಣುಕಿದರು. ದೊಡ್ಡವರಿಗೆ ಏಟು ಬೀಳುವುದನ್ನು ಅವರು ಯಾವತ್ತೂ ನೋಡಿರಲಿಲ್ಲ.

ಹರೀಶ ವೇದಿಕೆ ಹತ್ತಿ ಮೇಷ್ಟರ ಎದುರಿಗೆ ನಿಂತ.

"ಕೈ ಚಾಚೋ ಹರೀಶ," ಎಂದರು ಮೇಷ್ಟ್ರು ನಗುತ್ತ.

ಹರೀಶ ನಿಂತೇ ಇದ್ದ.

"ಲೇ, ಮೊಬೈಲ್ ಹಿಡ್ಕಂಡು ಕೈ ನೋಯ್ತಾ ಐತೆ, ಬೇಗ!" ಎಂದು ಸಾಲಿನಿಂದ ಪೊಲೀಸನಾದವನು ಕೂಗಿದ. ಕಲೀಂ ಮೈಕು ಕೆಳಗಿಳಿಸಿ, ಹಲ್ಲು ಕಚ್ಚಿಕೊಂಡು, "ಮಾತು ಕೊಟ್ಟಿದೀಯ ಹರ್ಯಾ," ಎಂದ.

"ಕೈ ಚಾಚು," ಎಂದರು ಮೇಷ್ಟ್ರು ಮತ್ತೆ. ಅವರ ನಗು ಸ್ವಲ್ಪ ಸರಿಯಿತು. ಬಯಲು ನಿಧಾನವಾಗಿ ಸದ್ದಡಗಿತು. ಬಿಸಿಯೂಟದ ಕೋಣೆಯ ಹಿಂದೆ ಯಾರೋ ಪಾತ್ರೆ ಎಳೆದದ್ದು ಕೇಳಿಸಿತು.

ಮೂರನೇ ಸಲ ಹೇಳಿದಾಗ ಅದು ಗುರುವಂದನೆಯ ದನಿಯಾಗಿರಲಿಲ್ಲ, ತರಗತಿಯ ದನಿಯಾಗಿತ್ತು. "ಚಾಚೋ ಕೈ!"

ಆ ದನಿಗೆ ಹರೀಶನ ಬಲಗೈ ತಾನಾಗಿಯೇ ಎದ್ದಿತು. ಎದೆಯ ಮಟ್ಟಕ್ಕೆ ಬಂತು, ಬೆರಳು ಬಿಚ್ಚತೊಡಗಿದವು. ಅವನು ಎಡಗೈಯಿಂದ ಅದರ ಮಣಿಕಟ್ಟು ಹಿಡಿದ. ಎರಡನ್ನೂ ಬೆನ್ನ ಹಿಂದಕ್ಕೆ ಕಟ್ಟಿಕೊಂಡ.

"ಚಾಚಲ್ಲ ಸಾರ್."